ಕಾಂತರೋಧ ಸಂವೇದಕ

ಹಾರ್ಡ್ ಡಿಸ್ಕಿನ ಮೇಲೆ ಬರೆದ ಕಾಂತೀಯ ಗುರುತುಗಳನ್ನು ವಿದ್ಯುತ್ ರೋಧದ ಏರಿಳಿತವಾಗಿ ಓದುವ ಸಾಧನ. ಗುರುತು ಚಿಕ್ಕದಾದಷ್ಟೂ ಅದರ ಕಾಂತಕ್ಷೇತ್ರ ಕ್ಷೀಣಿಸುತ್ತದೆ. ಹಾಗಾಗಿ ಡಿಸ್ಕಿನಲ್ಲಿ ಎಷ್ಟು ದತ್ತಾಂಶ ಹಿಡಿಸಬಹುದೆಂಬುದು ಬಹುಮಟ್ಟಿಗೆ ಓದುವ ಹೆಡ್ಡಿನ ಸೂಕ್ಷ್ಮತೆಗೆ ಬಿಟ್ಟ ವಿಷಯ.

ಐಬಿಎಂ 1956ರಲ್ಲಿ ಹೊರತಂದ ರಾಮ್ಯಾಕ್‌ನಲ್ಲಿ 24 ಇಂಚು ಅಗಲದ 50 ತಟ್ಟೆಗಳಿದ್ದವು. ಅವೆಲ್ಲ ಸೇರಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರ. ಆಮೇಲೂ ಮೂರು ದಶಕ ವಿದ್ಯುತ್ಕಾಂತೀಯ ಪ್ರೇರಣೆಯಿಂದ ಕೆಲಸ ಮಾಡುವ ಹೆಡ್ಡುಗಳೇ ನಡೆದವು. ಕಾಂತಕ್ಷೇತ್ರದಲ್ಲಿ ಕಬ್ಬಿಣ, ನಿಕ್ಕಲ್‌ಗಳ ವಿದ್ಯುತ್ ರೋಧ ಬದಲಾಗುವುದನ್ನು ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧರಾದ ವಿಲಿಯಂ ಥಾಮ್ಸನ್ 1850ರ ದಶಕದಲ್ಲೇ ಕಂಡಿದ್ದರು. ಆ ಗುಣವನ್ನು ಬಳಸಿದ ಹೆಡ್ ಡಿಸ್ಕಿಗೆ ಬಂದದ್ದು 1990ರ ದಶಕದ ಆರಂಭದಲ್ಲಿ.

ಅಷ್ಟರಲ್ಲಿ, 1988ರಲ್ಲಿ, ದೈತ್ಯ ಕಾಂತರೋಧ ಪತ್ತೆಯಾಗಿತ್ತು. ಫ್ರಾನ್ಸಿನ ಆಲ್ಬೆರ್ ಫೆರ್, ಜರ್ಮನಿಯ ಯೂಲಿಷ್‌ನಲ್ಲಿದ್ದ ಪೀಟರ್ ಗ್ರೂನ್‌ಬರ್ಗ್ ಬೇರೆಬೇರೆಯಾಗಿಯೇ ಇದನ್ನು ಕಂಡರು. ಕೆಲವೇ ಪರಮಾಣು ದಪ್ಪದ ಕ್ರೋಮಿಯಂ ಪದರದ ಎರಡು ಬದಿಯ ಕಬ್ಬಿಣದ ಪದರಗಳು ವಿರುದ್ಧ ದಿಕ್ಕಿಗೆ ಕಾಂತಗೊಂಡಿದ್ದರೆ, ಯಾವ ಸ್ಪಿನ್ (ಎಲೆಕ್ಟ್ರಾನಿನ ಆಂತರಿಕ ಕಾಂತದಿಕ್ಕು) ಇರುವ ಎಲೆಕ್ಟ್ರಾನೂ ಒಂದಲ್ಲ ಒಂದು ಪದರದಲ್ಲಿ ಚದುರುತ್ತದೆ. ಎರಡೂ ಒಂದೇ ದಿಕ್ಕಿಗೆ ತಿರುಗಿದರೆ ಒಂದು ಬಗೆಯ ಎಲೆಕ್ಟ್ರಾನುಗಳಿಗೆ ದಾರಿ ಸಲೀಸು, ರೋಧ ಇಳಿಯುತ್ತದೆ. ಗ್ರೂನ್‌ಬರ್ಗ್ ತಂಡಕ್ಕೆ ಕೋಣೆಯ ತಾಪದಲ್ಲಿ ಸಿಕ್ಕ ಬದಲಾವಣೆ ಸುಮಾರು ಶೇ. 1.5. ಹಲವು ಪದರಗಳನ್ನು ಪೇರಿಸಿದ ಫೆರ್ ತಂಡ ಮೈನಸ್ 269 ಡಿಗ್ರಿ ಸೆಲ್ಸಿಯಸ್‌ನಲ್ಲಿ ರೋಧ ಹೆಚ್ಚುಕಡಿಮೆ ಅರ್ಧಕ್ಕಿಳಿದುದನ್ನು ಕಂಡಿತು.

ಆದರೆ ಅಷ್ಟು ಚಳಿಯೂ ಈ ಪರಿಣಾಮಕ್ಕೆ ಬೇಕಾದ ಪ್ರಬಲ ಕಾಂತಕ್ಷೇತ್ರವೂ ಕಂಪ್ಯೂಟರಿನೊಳಗೆ ಎಲ್ಲಿಂದ ಬರಬೇಕು? ಐಬಿಎಂನ ಸ್ಟುವರ್ಟ್ ಪಾರ್ಕಿನ್, ಪ್ರಯೋಗಾಲಯದ ನಿಧಾನಗತಿಯ ವಿಧಾನ ಬಿಟ್ಟು, ಕಾರ್ಖಾನೆಗೂ ಒಗ್ಗುವ ಸ್ಪಟರಿಂಗ್‌ನಿಂದ ಪದರಗಳನ್ನು ಲೇಪಿಸಿ ಒಂದರ ಬೆನ್ನಿಗೊಂದು ಲೋಹಜೋಡಿಯನ್ನು ಪರೀಕ್ಷಿಸಿದರು. 1991ರಲ್ಲಿ ಐಬಿಎಂನಲ್ಲಿದ್ದ ಡಿಯೆನಿ, ಸ್ಪೆರಿಯೊಸು, ಪಾರ್ಕಿನ್ ಮೊದಲಾದವರು ಸ್ಪಿನ್ ವಾಲ್ವ್ ರಚನೆಯನ್ನು ಪ್ರಕಟಿಸಿದರು. ಅದರಲ್ಲಿ ಒಂದು ಪದರದ ಕಾಂತದಿಕ್ಕನ್ನು ಪಕ್ಕದ ಪ್ರತಿಲೋಹಕಾಂತೀಯ (ಆಂಟಿಫೆರೋಮ್ಯಾಗ್ನೆಟಿಕ್) ಪದರ ಕದಲದಂತೆ ಹಿಡಿದಿರುತ್ತದೆ. ಇನ್ನೊಂದು ಪದರ ಡಿಸ್ಕಿನ ಅತ್ಯಲ್ಪ ಕ್ಷೇತ್ರಕ್ಕೂ ತಿರುಗುತ್ತದೆ. ಈ ಬಗೆಯ ಹೆಡ್ಡಿದ್ದ ಐಬಿಎಂ ಡಿಸ್ಕ್ 1997ರಲ್ಲಿ 16.8 ಗಿಗಾಬೈಟ್ ಸಾಮರ್ಥ್ಯದೊಡನೆ ಮಾರುಕಟ್ಟೆಗೆ ಬಂತು. 2007ರ ಭೌತವಿಜ್ಞಾನ ನೊಬೆಲ್ ಫೆರ್ ಮತ್ತು ಗ್ರೂನ್‌ಬರ್ಗ್‌ಗೆ ಸಂದಿತು.

ಮುಂದಿನ ಹೆಜ್ಜೆ ಸುರಂಗ ಕಾಂತರೋಧ. ಇಲ್ಲಿ ನಡುವಿನ ಪದರ ಲೋಹವಲ್ಲ, ತೀರ ತೆಳುವಾದ ಅವಾಹಕ; ಎಲೆಕ್ಟ್ರಾನುಗಳು ಅದನ್ನು ಸುರಂಗದಲ್ಲಿ ನುಸುಳಿದಂತೆ ದಾಟುತ್ತವೆ. ಮಿಷೆಲ್ ಜುಲಿಯೇರ್ 1975ರಲ್ಲೇ ಅತಿಶೀತದಲ್ಲಿ ತೋರಿಸಿದ್ದ ಈ ಪರಿಣಾಮವನ್ನು 1995ರಲ್ಲಿ ಕೋಣೆಯ ತಾಪಕ್ಕೆ ತಂದವರು ಜಪಾನಿನ ತೆರುನೊಬು ಮಿಯಾಜಾಕಿ ಮತ್ತು ಅಮೆರಿಕದ ಎಂಐಟಿಯ ಜಗದೀಶ್ ಮೂಡೇರ. ಮೂಡೇರ ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿದವರು. 2004ರಲ್ಲಿ, ಅವಾಹಕವಾಗಿ ಬಳಸುತ್ತಿದ್ದ ಅಲ್ಯೂಮಿನಿಯಂ ಆಕ್ಸೈಡಿನ ಜಾಗಕ್ಕೆ ಮೆಗ್ನೀಸಿಯಂ ಆಕ್ಸೈಡ್ ಬಂದು ರೋಧದ ಬದಲಾವಣೆ ಶೇ. 200ರ ಆಸುಪಾಸಿಗೆ ಏರಿತು. ಈಗಿನ ಹಾರ್ಡ್ ಡಿಸ್ಕುಗಳು ಓದಲು ಬಳಸುವುದು ಈ ಸುರಂಗ ಸಂವೇದಕಗಳನ್ನೇ.