ಬರ್ಲಿನ್ನಿಗೆ ಹೋದ ಹಳೇ ಬ್ಯಾಚು

ಮಾಸ್ಟರ್ಸ್ ಮಾಡೋಕೆ ಜರ್ಮನಿಗೆ ಹೊರಟವರು ಈಗ ಪ್ರತಿ ಆಫೀಸಿನಲ್ಲೂ ಒಬ್ಬರಾದರೂ ಸಿಗ್ತಾರೆ. ಅವರ ತಲೆಬಿಸಿ ಮೂರು: ಬ್ಲಾಕ್ಡ್ ಅಕೌಂಟಿಗೆ ದುಡ್ಡು, ಇರೋಕೆ ರೂಮು, ಮತ್ತೆ ಭಾಷೆ. 'ಕೋರ್ಸು ಇಂಗ್ಲಿಷಲ್ಲೇ ಇದೆಯಲ್ಲ, ಜರ್ಮನ್ ಯಾಕೆ?' ಅಂತ ಮೂರನೆಯದನ್ನು ಮುಂದಕ್ಕೆ ಹಾಕೋರೇ ಜಾಸ್ತಿ. ಹತ್ತಿರ ಹತ್ತಿರ 100 ವರ್ಷದ ಹಿಂದೆ ಹೋದ ನಮ್ಮವರಿಗೆ ಆ ಅನುಕೂಲ ಇರಲಿಲ್ಲ.

1929ರಲ್ಲಿ ರಾಮಮನೋಹರ ಲೋಹಿಯಾ ಕಲ್ಕತ್ತಾದಲ್ಲಿ ಬಿ.ಎ. ಮುಗಿಸಿ ಬರ್ಲಿನ್ನಿಗೆ ಹೋದರು. ನಮ್ಮನ್ನು ಆಳುವವರ ದೇಶದಲ್ಲಿ ಓದೋದು ಬೇಡ ಅನ್ನೋದು ಅವರ ಹಟ. ಅಲ್ಲಿ ಅರ್ಥಶಾಸ್ತ್ರಜ್ಞ ವರ್ನರ್ ಸೋಂಬಾರ್ಟ್ ಎದುರು ಇಂಗ್ಲಿಷಲ್ಲಿ ಮಾತು ಶುರು ಮಾಡಿದರಂತೆ. ತನಗೆ ಇಂಗ್ಲಿಷ್ ಬರಲ್ಲ ಅಂದರಂತೆ ಅವರು. ಮೂರು ತಿಂಗಳು ಬಿಟ್ಟು ಬರ್ತೀನಿ ಅಂತ ಹೇಳಿ ಹೋದ ಲೋಹಿಯಾ, ಜರ್ಮನ್ ಕಲಿತೇ ವಾಪಸ್ ಬಂದರು ಅನ್ನೋದು ಅವರ ಬಗ್ಗೆ ಎಲ್ಲರೂ ಹೇಳುವ ಕತೆ. ಆಮೇಲೆ ಪಿಎಚ್.ಡಿ.ಗೆ ಅವರು ಆರಿಸಿಕೊಂಡ ವಿಷಯ ಭಾರತದ ಉಪ್ಪಿನ ತೆರಿಗೆ. 1930ರಲ್ಲಿ ಗಾಂಧಿ ದಂಡಿಗೆ ನಡೆದಿದ್ದರಲ್ಲ, ಅದೇ ಉಪ್ಪು. ದೇಶ ಬಿಟ್ಟು ಹೋದವರು ದೇಶದ ಪ್ರಶ್ನೆಯನ್ನು ಬಿಟ್ಟು ಹೋಗಿರಲಿಲ್ಲ.

ಅದೇ ಕಾಲಕ್ಕೆ ಬರ್ಲಿನ್ನಿನಲ್ಲಿದ್ದ ಇನ್ನೊಬ್ಬರು ಇರಾವತಿ ಕರ್ವೆ. 1928ರಲ್ಲಿ ಮಾನವಶಾಸ್ತ್ರ ಓದೋಕೆ ಹೋದರು. ಗೈಡ್ ಆಗಿದ್ದವರು ಆಯ್ಗನ್ ಫಿಷರ್. ಜನಾಂಗಕ್ಕೂ ತಲೆಬುರುಡೆಯ ಎಡಬಲದ ವ್ಯತ್ಯಾಸಕ್ಕೂ ಸಂಬಂಧ ಇದೆ, ಬಿಳಿಯರ ಬುದ್ಧಿ ಹೆಚ್ಚಿನದು ಅನ್ನೋದಕ್ಕೆ ಅದೇ ಗುರುತು ಅಂತ ಅವರ ನಂಬಿಕೆ. ಕರ್ವೆ 149 ಬುರುಡೆಗಳನ್ನು ಅಳೆದರು. ಅಂಥ ಸಂಬಂಧವೇ ಕಾಣಲಿಲ್ಲ. ಕಂಡಿದ್ದನ್ನೇ ಪ್ರಬಂಧದಲ್ಲಿ ಬರೆದರು. ಸ್ವಲ್ಪ ಯೋಚನೆ ಮಾಡಿ: ಪರದೇಶ, ಪರಭಾಷೆ, ಡಿಗ್ರಿ ಇರೋದು ಗೈಡ್ ಕೈಯಲ್ಲಿ. ಡೇಟಾ ಸ್ವಲ್ಪ ಆ ಕಡೆ ಈ ಕಡೆ ಮಾಡಿದ್ದರೆ ಕೇಳೋರು ಯಾರಿದ್ದರು? ಮುಂದೆ ನಾಜಿಗಳ ಜನಾಂಗ ನೀತಿಗೆ ಬೆನ್ನೆಲುಬಾದವರಲ್ಲಿ ಇದೇ ಫಿಷರ್ ಒಬ್ಬರು.

ಇವರಿಗಿಂತ ಮುಂಚೆ, 1922ರಲ್ಲಿ ಹೋದವರು ಜಾಕಿರ್ ಹುಸೇನ್. ಓದಿನ ನಡುವೆ ಬರ್ಲಿನ್ನಿನ ಕವಿಯಾನಿ ಪ್ರೆಸ್ಸಿನಲ್ಲಿ ಗಾಲಿಬನ ಉರ್ದು ದಿವಾನ್ ಅಚ್ಚು ಹಾಕಿಸಿದರು, ಕೆಲವು ಮೊಳೆಗಳನ್ನು ತಾವೇ ಕೂತು ಜೋಡಿಸಿದರಂತೆ. ಅಲ್ಲೇ ಸಿಕ್ಕ ಆಬಿದ್ ಹುಸೇನ್, ಮುಜೀಬ್ ಜೊತೆ 1926ರಲ್ಲಿ ವಾಪಸ್ ಬಂದು, ಮುಚ್ಚೋ ಸ್ಥಿತಿಯಲ್ಲಿದ್ದ ಜಾಮಿಯಾ ಮಿಲಿಯಾವನ್ನು ಕಡಿಮೆ ಸಂಬಳಕ್ಕೆ ಉಳಿಸಿಕೊಂಡರು. 1967ರಲ್ಲಿ ರಾಷ್ಟ್ರಪತಿಯಾದರು.

1933ರ ಜನವರಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಅದೇ ವರ್ಷ ಲೋಹಿಯಾ ಊರಿಗೆ ಮರಳಿದರು. ನಮ್ಮ ಕಡೆಯವರಿಗೆ ಮುಂದಿನ ಭಾಗ ಗೊತ್ತು. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಒಡೆಯರ ಎದುರು ಸತ್ಯಾಗ್ರಹ ಹೂಡಿದಾಗ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಆ ಜಗಳದ ಬುಡದಲ್ಲಿದ್ದಿದ್ದು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರ. ಬಡವರ ಉಪ್ಪಿನ ಲೆಕ್ಕವನ್ನು ಬರ್ಲಿನ್ನಿನಲ್ಲಿ ಕೂತು ಬರೆದವರಿಗೆ ಈ ಕೊಳಗದ ಲೆಕ್ಕ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಈ ಸಲ ಹೊರಟಿರೋರಿಗೆ ಹೇಳೋದಿಷ್ಟೇ. ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಕುಕ್ಕರ್ ಇರಲಿ. ಹೋದ ಮೊದಲ ಮೂರು ತಿಂಗಳು ಮಾತ್ರ ಭಾಷೆಗೆ ಕೊಡಿ.