ಗಗನಯಾನ ಟಿವಿ-ಡಿ1

ಗಗನಯಾತ್ರಿಗಳನ್ನು ಅಪಾಯದಿಂದ ಪಾರುಮಾಡುವ ವ್ಯವಸ್ಥೆಯನ್ನು ರಾಕೆಟ್ ಹಾರುತ್ತಿರುವಾಗಲೇ ಪರೀಕ್ಷಿಸಲು ಇಸ್ರೋ ನಡೆಸಿದ ಮೊದಲ ಪ್ರಯೋಗ. 2023ರ ಅಕ್ಟೋಬರ್ 21ರಂದು ಶ್ರೀಹರಿಕೋಟದಲ್ಲಿ ನಡೆಯಿತು. ನೌಕೆಯಲ್ಲಿ ಯಾರೂ ಇರಲಿಲ್ಲ.

ಭಾರತೀಯರನ್ನು ಅಂತರಿಕ್ಷಕ್ಕೆ ಕಳಿಸುವ ಗಗನಯಾನ ಯೋಜನೆಯ ಹೊಣೆ ಬೆಂಗಳೂರಿನ ಮಾನವ ಬಾಹ್ಯಾಕಾಶ ಯಾನ ಕೇಂದ್ರದ್ದು. ಆ ಕೇಂದ್ರ ಶುರುವಾದದ್ದು 2019ರಲ್ಲಿ. ಈ ಪ್ರಯೋಗದ ಸಿಬ್ಬಂದಿ ಕೋಶವೂ (ಗಗನಯಾತ್ರಿಗಳು ಕೂರುವ ಭಾಗ) ಬೆಂಗಳೂರಿನಲ್ಲಿ ಶಬ್ದಕಂಪನದ ಪರೀಕ್ಷೆ ಮುಗಿಸಿಕೊಂಡೇ ಶ್ರೀಹರಿಕೋಟಕ್ಕೆ ಹೋಯಿತು. ಕೋಶದ ತೂಕ ಸುಮಾರು 4.5 ಟನ್. ಒಳಗೆ ಉಸಿರಾಟಕ್ಕೆ ಬೇಕಾದ ಗಾಳಿಯ ಒತ್ತಡ ಇರಲಿಲ್ಲ, ಹಾಗಾಗಿ ಅದನ್ನು ಪೂರ್ಣ ನೌಕೆ ಎನ್ನಲಾಗದು. ಹೊತ್ತೊಯ್ಯಲು ವಿಕಾಸ್ ಎಂಜಿನ್‌ನ ಒಂದೇ ಹಂತದ ರಾಕೆಟ್ಟನ್ನು ಇದಕ್ಕೆಂದೇ ಸಿದ್ಧಪಡಿಸಲಾಗಿತ್ತು.

ಆ ಬೆಳಿಗ್ಗೆ 8 ಗಂಟೆಗೆ ನಿಗದಿಯಾಗಿದ್ದ ಉಡಾವಣೆ ಹವಾಮಾನದಿಂದ 8.45ಕ್ಕೆ ಜಾರಿತು. ಎಣಿಕೆ 5 ಸೆಕೆಂಡಿಗೆ ಬಂದಾಗ ಕಂಪ್ಯೂಟರ್ ತಾನಾಗಿಯೇ ತಡೆ ಹಾಕಿತು. ದೋಷ ಹುಡುಕಿ ಸರಿಪಡಿಸಿ 10 ಗಂಟೆಗೆ ಹಾರಿಸಲಾಯಿತು. ಪಾರುಮಾಡುವ ಯಂತ್ರದ ಪರೀಕ್ಷೆಗೆ ಇದಕ್ಕಿಂತ ತಕ್ಕ ಪೀಠಿಕೆ ಸಿಗಲಾರದು.

ಹಾರಿದ ಸುಮಾರು ಒಂದು ನಿಮಿಷಕ್ಕೆ, 12 ಕಿ.ಮೀ. ಎತ್ತರದಲ್ಲಿ, ಶಬ್ದಕ್ಕಿಂತ ತುಸು ಹೆಚ್ಚಿನ ವೇಗದಲ್ಲಿದ್ದಾಗ, ರಾಕೆಟ್ ಕೆಟ್ಟಿದೆ ಎಂಬ ಸಂಕೇತವನ್ನು ಬೇಕೆಂದೇ ಕೊಡಲಾಯಿತು. ತುದಿಯ ಘನ ಇಂಧನದ ಮೋಟಾರುಗಳು ಹೊತ್ತಿಕೊಂಡು ಕೋಶವನ್ನು ಕಿತ್ತು ಒಯ್ದವು. ಸುಮಾರು 17 ಕಿ.ಮೀ.ಯಲ್ಲಿ ಕೋಶ ಬೇರ್ಪಟ್ಟಿತು. ಮೊದಲು ಮೇಲಿನ ಮುಚ್ಚಳ ಕಳಚಲು 2 ಪ್ಯಾರಾಚೂಟ್, ಬಳಿಕ ತೂರಾಡುವುದನ್ನು ತಡೆಯಲು 2, ದೊಡ್ಡವನ್ನು ಹೊರಗೆಳೆಯಲು 3 ಚಿಕ್ಕವು, ಕೊನೆಗೆ 3 ದೊಡ್ಡವು: ಒಟ್ಟು 10. ದೊಡ್ಡ ಮೂರರಲ್ಲಿ ಎರಡು ಬಿಚ್ಚಿಕೊಂಡರೂ ಸಾಕು, ಮೂರನೆಯದು ಆಪತ್ತಿಗೆ.

ಇಂಥ ಪರೀಕ್ಷೆಯನ್ನು ಎಲ್ಲರೂ ಮೊದಲೇ ಮಾಡುವುದಿಲ್ಲ. ಅಮೆರಿಕದ ಖಾಸಗಿ ಕಂಪನಿ ಸ್ಪೇಸ್‌ಎಕ್ಸ್‌ನ ಕ್ರೂ ಡ್ರ್ಯಾಗನ್ ನೌಕೆ 2019ರ ಮಾರ್ಚಿನಲ್ಲೇ ಜನರಿಲ್ಲದೆ ಬಾಹ್ಯಾಕಾಶ ನಿಲ್ದಾಣ ಮುಟ್ಟಿ ಬಂದಿತ್ತು. ಹಾರಾಟದ ನಡುವಿನ ಪಾರಾಗುವ ಪರೀಕ್ಷೆ ಆಮೇಲೆ, 2020ರ ಜನವರಿಯಲ್ಲಿ ನಡೆಯಿತು. ಇಸ್ರೋದ ಕ್ರಮ ತಿರುವುಮುರುವು: ಮೊದಲು ಪಾರಾಗುವುದು, ಕಕ್ಷೆ ಆಮೇಲೆ. ಹೀಗಿದ್ದೂ ಗಗನಯಾನಕ್ಕೆ ಆಯ್ಕೆಯಾದ ನಾಲ್ವರಲ್ಲಿ ಮೊದಲು ಅಂತರಿಕ್ಷ ಕಂಡ ಶುಭಾಂಶು ಶುಕ್ಲಾ 2025ರ ಜೂನಿನಲ್ಲಿ ಹೋದದ್ದು ಡ್ರ್ಯಾಗನ್‌ನಲ್ಲೇ.

ಟಿವಿ-ಡಿ1 ಹಾರಿದ ಸುಮಾರು 9 ನಿಮಿಷಕ್ಕೆ ಅದರ ಕೋಶ ದಡದಿಂದ 10 ಕಿ.ಮೀ. ದೂರ ಬಂಗಾಳ ಕೊಲ್ಲಿಯಲ್ಲಿ ಇಳಿಯಿತು. ನೌಕಾಪಡೆಯವರು ಹತ್ತಿರ ಹೋದಾಗ ಅದು ತಲೆಕೆಳಗಾಗಿ ತೇಲುತ್ತಿತ್ತು. ಅದನ್ನು ಐಎನ್‌ಎಸ್ ಶಕ್ತಿ ಹಡಗಿಗೆ ಎತ್ತಿಕೊಂಡು ಚೆನ್ನೈ ಬಂದರಿಗೆ ತಂದರು.