ಹಾಲು ಕಟ್ಟಿದಾಗ: ನೀವುವ ಕೈಯ ಚರಿತ್ರೆ



ಬಾಣಂತಿಯಿರುವ ಮನೆಯಲ್ಲಿ ‘ಹಾಲು ಕಟ್ಟಿಕೊಂಡಿದೆ’ ಎಂಬ ಮಾತನ್ನು ನೀವು ಕೇಳಿರಬಹುದು. ಎದೆಯ ಒಂದು ಭಾಗ ಗಟ್ಟಿಯಾಗಿ, ಕೆಂಪೇರಿ, ಮುಟ್ಟಿದರೆ ನೋಯುತ್ತದೆ. ಅನೇಕ ಮನೆಗಳಲ್ಲಿ ಹಿರಿಯರು ಬಿಸಿನೀರಿನ ಶಾಖ ಕೊಟ್ಟು, ಎಣ್ಣೆ ಹಚ್ಚಿ, ಗಡ್ಡೆ ಕರಗಲೆಂದು ಬಲವಾಗಿ ತಿಕ್ಕುತ್ತಾರೆ. ಬಾಣಂತಿ ಹಲ್ಲು ಕಚ್ಚಿ ಸಹಿಸುತ್ತಾಳೆ. ಇದು ಒಳಮನೆಯ ವಿಷಯ, ಇದರಲ್ಲಿ ಚರಿತ್ರೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ದೇಹದೊಳಗೆ ಏನಿದೆ ಎಂದು ಒಂದು ಕಾಲದ ಜನ ತಿಳಿದಿರುತ್ತಾರೋ ಅದಕ್ಕೆ ತಕ್ಕಂತೆ ಅವರ ಕೈ ಆಡುತ್ತದೆ. ತಿಳಿವಳಿಕೆ ಬದಲಾದಾಗ ಕೈಯೂ ಬದಲಾಗಬೇಕು. ಆ ಬದಲಾವಣೆಯ ಕಥೆಯೇ ಈ ಚರಿತ್ರೆ.

ನಮ್ಮ ದೇಶದ ಪ್ರಾಚೀನ ವೈದ್ಯಗ್ರಂಥವಾದ ಸುಶ್ರುತ ಸಂಹಿತೆಯಲ್ಲಿ ಸ್ತನರೋಗಗಳ ವಿವರಣೆಯಿದೆ. ಕನ್ಯೆಯರಲ್ಲಿ ಸ್ತನದ ನಾಳಗಳ ಬಾಯಿ ಮುಚ್ಚಿರುತ್ತದೆ, ಗರ್ಭಿಣಿಯರಲ್ಲಿ ಮತ್ತು ಹೆತ್ತವರಲ್ಲಿ ಅದು ತಾನಾಗಿ ತೆರೆಯುತ್ತದೆ ಎಂದು ಅದು ಹೇಳುತ್ತದೆ. ಬಾವು ಯಾವ ಹಂತದಲ್ಲಿದ್ದರೂ ಹಾಲನ್ನು ಹಿಂಡಿ ತೆಗೆಯುತ್ತಿರಬೇಕು ಎಂಬುದು ಅದರ ಸಲಹೆ. ಹಾಲು ನಿಂತರೆ ಕೇಡು ಎಂಬ ಅರಿವು ಎಷ್ಟು ಹಳೆಯದು ನೋಡಿ.

ನಾಳಗಳನ್ನು ಕಣ್ಣಾರೆ ಕಂಡು ಚಿತ್ರಿಸಿದವರಲ್ಲಿ ಪ್ರಮುಖರು ಲಂಡನ್ನಿನ ಶಸ್ತ್ರವೈದ್ಯ ಸರ್ ಆಸ್ಟ್ಲಿ ಕೂಪರ್. ಹಾಲೂಡಿಸುವ ಕಾಲದಲ್ಲಿ ತೀರಿಕೊಂಡ ಸ್ತ್ರೀಯರ ಸ್ತನನಾಳಗಳಿಗೆ ಬಣ್ಣದ ಮೇಣ ತುಂಬಿ ಪರೀಕ್ಷಿಸಿದ ಅವರು 1840ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ತೊಟ್ಟಿನ ಹಿಂದೆ ಹಾಲು ಶೇಖರವಾಗುವ ಚೀಲಗಳಂಥ ಭಾಗಗಳಿವೆ ಎಂಬ ಚಿತ್ರ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಪಠ್ಯಪುಸ್ತಕಗಳಲ್ಲಿ ಉಳಿಯಿತು. ನಾಳಗಳ ಸಂಖ್ಯೆ 15ರಿಂದ 20 ಎಂದು ವಿದ್ಯಾರ್ಥಿಗಳು ಓದುತ್ತಿದ್ದರು. ಹೀಗೆ ಎದೆಯೆಂದರೆ ಕೆರೆ, ನಾಳವೆಂದರೆ ತೂಬು ಎಂಬ ಭಾವನೆ ಬಲವಾಯಿತು. ತೂಬಿಗೆ ಕಸ ಸಿಕ್ಕಿದರೆ ಏನು ಮಾಡುತ್ತೇವೆ? ಒತ್ತಿ ಹೊರಕ್ಕೆ ದೂಡುತ್ತೇವೆ. ಗಡ್ಡೆಯನ್ನು ಬಲವಾಗಿ ತಿಕ್ಕುವುದರ ಹಿಂದಿನ ತರ್ಕವೂ ಇದೇ.

ಎಲ್ಲರ ಕೈಯೂ ಒರಟಾಗಿರಲಿಲ್ಲ. 20ನೆಯ ಶತಮಾನದಲ್ಲಿ ಜಪಾನಿನ ಸೂಲಗಿತ್ತಿ ಸೋತೊಮಿ ಓಕೆತಾನಿ, ತಾಯಿಗೆ ನೋವಾಗದಂತೆ ನೀವುವ ಪದ್ಧತಿಯೊಂದನ್ನು ರೂಪಿಸಿದರು. ಅದು ಇಂದಿಗೂ ಅವರ ಹೆಸರಿನಲ್ಲೇ ಬಳಕೆಯಲ್ಲಿದೆ.

2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಸ್ತನದ ಬಾವಿಗೆ ಹಾಲು ನಿಲ್ಲುವುದೇ ಮೂಲ ಕಾರಣ, ಅದನ್ನು ಚೆನ್ನಾಗಿ ಹೊರತೆಗೆಯಬೇಕು ಎಂದಿತು. ಆದರೆ 2005ರಲ್ಲಿ ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾನಿಲಯದ ಸಂಶೋಧಕರು ಹಾಲೂಡಿಸುತ್ತಿದ್ದ 21 ತಾಯಂದಿರನ್ನು ಅಲ್ಟ್ರಾಸೌಂಡ್ ಯಂತ್ರದಿಂದ ಪರೀಕ್ಷಿಸಿ ಪ್ರಕಟಿಸಿದ ವಿವರ ಹಳೆಯ ಚಿತ್ರವನ್ನೇ ಅಲುಗಾಡಿಸಿತು. ತೊಟ್ಟಿನ ಬಳಿ ಕಂಡ ನಾಳಗಳು ಸರಾಸರಿ ಒಂಬತ್ತು ಮಾತ್ರ. ಚೀಲಗಳು ಕಾಣಲೇ ಇಲ್ಲ. ನಾಳಗಳು ಸುಮಾರು 2 ಮಿಲಿಮೀಟರಿನಷ್ಟು ಸಣ್ಣವು, ಚರ್ಮಕ್ಕೆ ಹತ್ತಿರದವು, ಸ್ವಲ್ಪ ಒತ್ತಿದರೂ ಅಮುಕಿಹೋಗುವಂಥವು.

2022ರಲ್ಲಿ ಸ್ತನ್ಯಪಾನ ವೈದ್ಯರ ಅಂತರರಾಷ್ಟ್ರೀಯ ಸಂಘಟನೆಯೊಂದು ತನ್ನ ಮಾರ್ಗಸೂಚಿಯನ್ನು ತಿದ್ದಿತು. ಅದರ ಪ್ರಕಾರ ನಾಳದೊಳಗೆ ಬಿರಡೆಯಂಥದ್ದೇನೂ ಕೂತಿರುವುದಿಲ್ಲ. ಸುತ್ತಲಿನ ಭಾಗ ಊದಿಕೊಂಡು ನಾಳವನ್ನು ಹೊರಗಿನಿಂದ ಅದುಮುತ್ತದೆ. ಹಾಗಿರುವಾಗ ಬಲವಾಗಿ ತಿಕ್ಕಿದರೆ ಊತ ಹೆಚ್ಚುತ್ತದೆ, ಒಳಗಿನ ಸೂಕ್ಷ್ಮ ರಕ್ತನಾಳಗಳಿಗೆ ಪೆಟ್ಟಾಗುತ್ತದೆ. ಬರಿದಾಗಲೆಂದು ಮತ್ತೆ ಮತ್ತೆ ಹಿಂಡಿದರೆ ದೇಹ ಇನ್ನಷ್ಟು ಹಾಲು ತಯಾರಿಸುತ್ತದೆ. ಆದ್ದರಿಂದ ಮಗು ಕೇಳಿದಂತೆ ಹಾಲೂಡಿಸಬೇಕು, ತಣ್ಣನೆಯ ಬಟ್ಟೆಯಿಡಬೇಕು, ನೀವುವುದಾದರೆ ಬೆಕ್ಕಿನ ಮೈ ಸವರುವಷ್ಟು ಹಗುರವಾಗಿ ಕಂಕುಳು ಮತ್ತು ಕೊರಳೆಲುಬಿನ ಕಡೆಗೆ ಕೈಯಾಡಿಸಬೇಕು. ಊತದ ನೀರು ಇಳಿದುಹೋಗುವ ದಾರಿ ಅದು.

ಹಾಗಾದರೆ ಹಿರಿಯರು ಹೇಳಿದ್ದೆಲ್ಲ ತಪ್ಪೇ? ಅಲ್ಲ. ನೋವಿದೆಯೆಂದು ಹಾಲೂಡಿಸುವುದನ್ನು ಬಿಡಬಾರದು ಎಂಬ ಅವರ ಮಾತು ಇಂದಿಗೂ ಸರಿ. ಬಾಣಂತಿಯ ಮೈಗೆ ಆರೈಕೆಯ ಕೈ ಬೇಕು ಎಂಬುದೂ ಸರಿ. ಬದಲಾಗಬೇಕಾದುದು ಆ ಕೈಯ ಬಲ ಮಾತ್ರ.

ಇದನ್ನು ನೀವೇಕೆ ತಿಳಿಯಬೇಕು? ನಾಳೆ ನಿಮ್ಮ ಅಕ್ಕನೋ ಅತ್ತಿಗೆಯೋ ಈ ನೋವು ಪಡಬಹುದು. ಇದು ಬಾವಾಗಿ, ಸೋಂಕಾಗಿ, ಕೆಲವೊಮ್ಮೆ ಕೀವುಗಟ್ಟಿ ಶಸ್ತ್ರಚಿಕಿತ್ಸೆಯವರೆಗೂ ಹೋಗಬಹುದು. ನೋವು ತಾಳಲಾರದೆ ಎಷ್ಟೋ ತಾಯಂದಿರು ಹಾಲೂಡಿಸುವುದನ್ನೇ ನಿಲ್ಲಿಸುತ್ತಾರೆ. ಜ್ವರ ಬಂದು ಒಂದು ದಿನದಲ್ಲಿ ಇಳಿಯದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಆ ದಿನ ಮನೆಯಲ್ಲಿ ಯಾರಾದರೂ ಬಲವಾಗಿ ತಿಕ್ಕಲು ಹೊರಟರೆ, ‘ಅಜ್ಜಿ, ಮೆಲ್ಲಗೆ’ ಎಂದು ಹೇಳುವ ತಿಳಿವಳಿಕೆ ನಿಮಗಿರಲಿ. ಕಾರಣವನ್ನೂ ವಿವರಿಸಿ ಹೇಳಿ.